ವಿಜಯಪುರ, ಕಲಬುರಗಿ, ಬೀದರ್: ಮೂರೇ ದಿನ ಇದ್ದರೆ ಯಾವ ಊರು ಆರಿಸಬೇಕು?

ನವೆಂಬರ್ ಬಂತು ಅಂದರೆ ನನಗೆ ಒಂದೇ ಥರದ ಫೋನು ಬರುತ್ತವೆ. "ಶನಿವಾರ, ಭಾನುವಾರಕ್ಕೆ ಇನ್ನೊಂದು ರಜೆ ಸೇರಿ ಮೂರು ದಿನ ಸಿಕ್ಕಿದೆ ಕಣೇ, ಹಂಪಿ ಎರಡು ಸಲ ಆಗಿದೆ, ಈ ಸಲ ಗೋಳಗುಮ್ಮಟ, ಕಲಬುರಗಿ ಕೋಟೆ, ಬೀದರ್ ಎಲ್ಲ ಒಟ್ಟಿಗೆ ಮುಗಿಸಿಬಿಡೋಣ ಅಂತಿದ್ದೀವಿ, ಆಗುತ್ತಾ?"

ಆಗುತ್ತದೆ. ಮೂರೂ ಊರಿನ ಹೆಸರಿರುವ ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರಬಹುದು. ಆದರೆ ನೋಡಿದ ಹಾಗೆ ಆಗುವುದಿಲ್ಲ. ನಾನು ಮೊದಲ ಸಲ ಹೋದಾಗ ಇದನ್ನೇ ಮಾಡಿದ್ದೆ. ಬೆಳಗ್ಗೆ ಕಲಬುರಗಿ, ಮಧ್ಯಾಹ್ನ ದಾರಿಯಲ್ಲಿ, ಸಂಜೆ ಬೀದರ್ ಅಂತ ಲೆಕ್ಕ ಹಾಕಿದ್ದೆವು. ನಾವು ಗೊತ್ತುಮಾಡಿದ್ದ ಗಾಡಿ ಹುಮನಾಬಾದ್ ದಾಟುವ ಮೊದಲೇ ಕೆಟ್ಟು ಎರಡು ಗಂಟೆ ನಿಂತಿತು. ಬೀದರಿನ ಹೊರಗೆ ಅಷ್ಟೂರಿನಲ್ಲಿರುವ ಸುಲ್ತಾನರ ಗೋರಿಗಳ ಹತ್ತಿರ ತಲುಪಿದಾಗ ಸೂರ್ಯ ಮುಳುಗಿದ್ದ. ಒಳಗೆ ಕತ್ತಲೆ. ಗೋಡೆ ಮೇಲೆ ಆರುನೂರು ವರ್ಷ ಹಳೆಯ ಬಣ್ಣದ ಚಿತ್ತಾರ ಇದೆ ಅಂತ ಓದಿಕೊಂಡು ಹೋಗಿದ್ದೆ, ಕಂಡಿದ್ದು ಬಾಗಿಲಿನ ಆಕಾರ ಮಾತ್ರ. ಮಾರನೇ ದಿನ ಬೆಳಗ್ಗೆಯೇ ವಾಪಸ್ ರೈಲು. ಗಾಡಿ ಕೆಡದೇ ಇದ್ದರೂ ಅರ್ಧ ಗಂಟೆಗಿಂತ ಜಾಸ್ತಿ ಸಿಗುತ್ತಿರಲಿಲ್ಲ ಅನ್ನುವುದು ಆಮೇಲೆ ಹೊಳೆಯಿತು. ತಪ್ಪಿದ್ದದ್ದು ಗಾಡಿಯಲ್ಲಲ್ಲ, ಲೆಕ್ಕದಲ್ಲಿ.

ಆಮೇಲೆ ಈ ಕಡೆಗೆ ನಾಲ್ಕೈದು ಸಲ ಹೋಗಿದ್ದೇನೆ. ಯಾರು ಕೇಳಿದರೂ ಹೇಳುವುದು ಇಷ್ಟೇ: ಮೂರು ದಿನಕ್ಕೆ ಎರಡು ಊರು. ಎರಡೇ ದಿನ ಇದ್ದರೆ ಒಂದು ಊರು. ಯಾವ ಎರಡು ಅನ್ನುವುದನ್ನು ಆರಿಸುವ ರೀತಿ ಕೆಳಗಿದೆ.

ಮೊದಲು ಬೆಳಕಿನ ಗಂಟೆ ಲೆಕ್ಕ ಹಾಕಿ

ದಿನ ಎಣಿಸಬೇಡಿ, ಬೆಳಕಿರುವ ಗಂಟೆ ಎಣಿಸಿ. ಡಿಸೆಂಬರಿನಲ್ಲಿ ಈ ಕಡೆ ಬೆಳಗ್ಗೆ ಏಳರ ಹೊತ್ತಿಗೆ ಬೆಳಕು ಚೆನ್ನಾಗಿ ಹರಿಯುತ್ತದೆ, ಸಂಜೆ ಆರಕ್ಕೆ ಮುಗಿಯುತ್ತದೆ. ಹನ್ನೊಂದು ಗಂಟೆ. ಅದರಲ್ಲಿ ತಿಂಡಿ, ಊಟ, ಮಧ್ಯಾಹ್ನ ಒಂದು ಸ್ವಲ್ಪ ಸುಧಾರಿಸಿಕೊಳ್ಳುವುದು, ಆಟೊ ಹುಡುಕುವುದು ಎಲ್ಲ ಕಳೆದರೆ ನಿಜವಾಗಿ ನೋಡಲು ಸಿಗುವುದು ಆರೇಳು ಗಂಟೆ. ಬಂದು ಇಳಿಯುವ ದಿನ, ಹೊರಡುವ ದಿನ ಅರ್ಧರ್ಧ ಹೋಗುತ್ತದೆ. ಅಂದರೆ ಮೂರು ದಿನದ ಪ್ರವಾಸ ಅಂದರೆ ಹದಿಮೂರು ಗಂಟೆಯ ಆಸುಪಾಸು.

ಈಗ ಊರಿಂದ ಊರಿಗೆ ಎಷ್ಟು ಬೇಕು ನೋಡಿ. ವಿಜಯಪುರದಿಂದ ಸಿಂದಗಿ, ಜೇವರ್ಗಿ ಮೇಲೆ ಕಲಬುರಗಿಗೆ ಸುಮಾರು 160 ಕಿಲೋಮೀಟರ್. ಬಸ್ಸಿನಲ್ಲಿ ಹೆಚ್ಚು ಕಡಿಮೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರಿಗೆ ಸುಮಾರು 110 ಕಿಲೋಮೀಟರ್, ಎರಡೂವರೆಯಿಂದ ಮೂರು ಗಂಟೆ. ಮೂರೂ ಊರು ಮಾಡಲು ಹೊರಟರೆ ಹದಿಮೂರರಲ್ಲಿ ಏಳು ಗಂಟೆ ರಸ್ತೆಗೇ ಹೋಯಿತು. ಉಳಿದ ಆರು ಗಂಟೆಯಲ್ಲಿ ಮೂರು ರಾಜಧಾನಿ ನೋಡುವುದು ಹೇಗೆ, ನೀವೇ ಹೇಳಿ.

ಒಂದೊಂದು ಊರಿಗೆ ಎಷ್ಟು ಬೇಕು ಅಂದರೆ: ವಿಜಯಪುರಕ್ಕೆ ಒಂದು ಪೂರ್ತಿ ದಿನ, ಸಾಧ್ಯವಾದರೆ ಒಂದೂವರೆ. ಬೀದರಿಗೆ ಒಂದೂವರೆ, ಅದಕ್ಕಿಂತ ಕಡಿಮೆ ಬೇಡ. ಕಲಬುರಗಿಯ ಹಳೆಯ ಜಾಗಗಳಿಗೆ ಅರ್ಧ ದಿನದಿಂದ ಮುಕ್ಕಾಲು ದಿನ ಸಾಕು.

ಆಮೇಲೆ ಯಾವ ಊರಲ್ಲಿ ಏನಿದೆ ಅಂತ ಸರಿಯಾಗಿ ತಿಳಿದುಕೊಳ್ಳಿ

ಬಹಳ ಜನ "ಎಲ್ಲ ಗುಮ್ಮಟ ತಾನೇ, ಒಂದು ನೋಡಿದರೆ ಸಾಕು" ಅಂತಾರೆ. ಹಾಗಲ್ಲ. ಇದು ಒಂದೇ ಕಥೆ, ಆದರೆ ಮೂರು ಊರಲ್ಲಿ ಮೂರು ರೀತಿ ಬೆಳೆದಿದೆ. 1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ಕಲಬುರಗಿ ರಾಜಧಾನಿ ಆಯಿತು. ಹತ್ತಿರ ಹತ್ತಿರ ಎಂಬತ್ತು ವರ್ಷದ ನಂತರ ಅಹಮದ್ ಶಾ ರಾಜಧಾನಿಯನ್ನು ಬೀದರಿಗೆ ಸಾಗಿಸಿದ. ಮುಂದೆ ಆ ರಾಜ್ಯ ಒಡೆದು ಐದು ಚೂರಾಯಿತು, ಅದರಲ್ಲಿ ಒಂದು ಚೂರು ಬಿಜಾಪುರದ ಆದಿಲ್ ಶಾಹಿಗಳದ್ದು, ಇನ್ನೊಂದು ಬೀದರಿನಲ್ಲೇ ಉಳಿದ ಬರೀದ್ ಶಾಹಿಗಳದ್ದು. ಬಿಜಾಪುರವನ್ನು 1686ರಲ್ಲಿ ಔರಂಗಜೇಬ ಗೆದ್ದುಕೊಂಡ, ಅಲ್ಲಿಗೆ ಆ ಮನೆತನ ಮುಗಿಯಿತು. ಇಷ್ಟು ನೆನಪಿಟ್ಟುಕೊಂಡರೆ ಸಾಕು, ಮುಂದೆ ಎಲ್ಲಿ ನಿಂತರೂ ನೀವು ಯಾವ ಕಾಲದಲ್ಲಿ ನಿಂತಿದ್ದೀರಿ ಅಂತ ಗೊತ್ತಾಗುತ್ತದೆ.

*ವಿಜಯಪುರ.* ಗಾತ್ರ ಅಂದರೆ ಏನು ಅಂತ ಮೈಗೆ ಗೊತ್ತಾಗಬೇಕು ಅನ್ನುವವರಿಗೆ ಈ ಊರು. ಗೋಳಗುಮ್ಮಟ ಮೊಹಮ್ಮದ್ ಆದಿಲ್ ಶಾನ ಗೋರಿ. ಅವನು ತೀರಿಕೊಂಡಿದ್ದು 1656ರಲ್ಲಿ. ಗುಮ್ಮಟದ ಹೊರಗಿನ ಅಗಲ ಸುಮಾರು 44 ಮೀಟರ್, ಒಳಗೆ ಒಂದೇ ಒಂದು ಕಂಬ ಇಲ್ಲ. ಇಷ್ಟು ಭಾರ ಎಲ್ಲಿ ನಿಂತಿದೆ ಅಂತ ನೋಡಬೇಕಾದರೆ ಕೆಳಗೆ ನಡುಮನೆಯಲ್ಲಿ ನಿಂತು ತಲೆ ಎತ್ತಿ, ಗುಮ್ಮಟ ನೋಡುವ ಮೊದಲು ಅದರ ಕೆಳಗಿನ ಮೂಲೆಗಳನ್ನು ನೋಡಿ. ಒಂದನ್ನೊಂದು ಹಾದುಹೋಗುವ ಕಮಾನುಗಳು ಚೌಕವನ್ನು ಎಂಟು ಮೂಲೆ ಮಾಡಿ, ಎಂಟು ಮೂಲೆಯನ್ನು ವೃತ್ತಕ್ಕೆ ತಂದು ನಿಲ್ಲಿಸಿವೆ. ಬಹಳ ಜನ ಇದನ್ನು ನೋಡದೆ ಸೀದಾ ಮೆಟ್ಟಿಲು ಹತ್ತಿಬಿಡುತ್ತಾರೆ, ನನಗೆ ನಿಜವಾಗಿ ಬೇಜಾರಾಗುತ್ತದೆ.

ಮೆಟ್ಟಿಲು ನಾಲ್ಕು ಮೂಲೆಯ ಏಳಂತಸ್ತಿನ ಗೋಪುರಗಳ ಒಳಗಿವೆ. ಕಿರಿದು, ಎತ್ತರ. ಮೇಲೆ ಪಿಸುಮಾತಿನ ಗ್ಯಾಲರಿ. ಅಲ್ಲಿಗೆ ಬೆಳಗ್ಗೆ ತೆರೆದ ಕೂಡಲೇ ಹೋಗಬೇಕು, ಈ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ನಾನೂ ನನ್ನ ತಂಗಿಯೂ ಹೋದಾಗ ಮೇಲೆ ನಾವಿಬ್ಬರೇ. ಅವಳು ಆ ತುದಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತಳು, ನನಗೆ ಅವಳ ಬೆನ್ನು ಮಾತ್ರ ಒಂದು ಬೆರಳಿನಷ್ಟು ಕಾಣುತ್ತಿತ್ತು. "ಅಕ್ಕಾ, ಕೇಳಿಸ್ತಾ?" ಅಂದದ್ದು ನನ್ನ ಕಿವಿಯ ಪಕ್ಕದಿಂದಲೇ ಬಂತು. ಅವಳು ಚೀಟಿ ಹರಿದ ಸದ್ದು ಬಂತು. ಬಳೆ ಸರಿಸಿಕೊಂಡಿದ್ದೂ ಬಂತು. ಒಂಬತ್ತರ ಹೊತ್ತಿಗೆ ಶಾಲೆಯ ಮಕ್ಕಳ ಬಸ್ಸುಗಳು ಬಂದವು, ಮಕ್ಕಳು ಕೂಗಿದರು, ಕೂಗದೆ ಇರುತ್ತಾರಾ, ಒಂದು ಕೂಗು ಏಳೆಂಟು ಸಲ ತಿರುಗಿ ಬರುವ ಜಾಗದಲ್ಲಿ. ಆದರೆ ಆಮೇಲೆ ಅಲ್ಲಿ ಪಿಸುಮಾತಿಗೆ ಜಾಗವಿಲ್ಲ, ಬರೀ ಮೊರೆತ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಮಾತ್ರ ಊರಿನ ಇನ್ನೊಂದು ತುದಿಯ ಇಬ್ರಾಹಿಂ ರೋಜಾ. 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್ ಶಾನ ಗೋರಿ ಒಂದು ಕಡೆ, ಎದುರಿಗೆ ಮಸೀದಿ, ಎರಡೂ ಒಂದೇ ಜಗಲಿಯ ಮೇಲೆ. ಕಟ್ಟಿಸಿದವನು ಮಲಿಕ್ ಸಂದಲ್. ಇಲ್ಲಿ ಗಾತ್ರ ಇಲ್ಲ, ಕೈಕೆಲಸ ಇದೆ. ಕಿಟಕಿಗಳ ಕಲ್ಲನ್ನು ಅಕ್ಷರದ ಆಕಾರದಲ್ಲಿ ಕೊರೆದಿದ್ದಾರೆ, ಅಂದರೆ ಒಳಗೆ ನಿಂತವರಿಗೆ ಬೆಳಕೇ ಬರಹವಾಗಿ ಕಾಣುತ್ತದೆ. ಊರ ಗೋಡೆಯ ಪಡುವಣ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್. ಬಾಯಿಯ ಕಡೆ ಸಿಂಹದ ಮುಖ, ಹಲ್ಲಿನ ನಡುವೆ ಪುಟ್ಟ ಆನೆ. ಕಟ್ಟಡ ಅರ್ಧಕ್ಕೇ ನಿಂತ ಬಾರಾಕಮಾನ್, ಜಾಮಿಯಾ ಮಸೀದಿ, ಗಗನ್ ಮಹಲ್, ತಾಜ್ ಬಾವಡಿ ಇವೆಲ್ಲ ಊರ ನಡುವೆ ಒಂದರ ಹತ್ತಿರ ಒಂದು ಇವೆ.

*ಕಲಬುರಗಿ.* ಮೂರರಲ್ಲಿ ಹಳೆಯದು ಇದು, ಮತ್ತು ಜನ ದಾಟಿಕೊಂಡು ಹೋಗುವುದೂ ಇದನ್ನೇ. ಕೋಟೆಯ ಒಳಗಿನ ಜಾಮಾ ಮಸೀದಿ 1367ರದ್ದು. ಸಾಮಾನ್ಯವಾಗಿ ಇಂಥ ಮಸೀದಿಗೆ ನಡುವೆ ತೆರೆದ ಅಂಗಳ ಇರುತ್ತದೆ, ಇಲ್ಲಿ ಇಲ್ಲ, ಇಡೀ ಕಟ್ಟಡಕ್ಕೆ ಮಾಡು ಇದೆ, ಮೇಲೆ ಸಾಲು ಸಾಲು ಚಿಕ್ಕ ಗುಮ್ಮಟ. ಒಳಗೆ ಕಮಾನುಗಳು ಅಗಲವಾಗಿ, ತಗ್ಗಾಗಿ ಬಾಗಿವೆ. ಒಂದು ಕಮಾನಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಕಾಣುತ್ತಾ ಹೋಗುತ್ತದೆ, ಬಿಳಿ ಸುಣ್ಣ, ತಂಪು ನೆಲ. ಬೇರೆ ಏನೂ ಇಲ್ಲ. ಅರ್ಧ ಗಂಟೆ ಸುಮ್ನೆ ಕೂತು ಬರಬಹುದಾದ ಜಾಗ.

ಊರ ಪೂರ್ವಕ್ಕೆ ಖ್ವಾಜಾ ಬಂದೇ ನವಾಜ್ ದರ್ಗಾ. ದಿಲ್ಲಿಯಿಂದ ಬಂದು ನೆಲೆಸಿದ ಈ ಸೂಫಿ ಸಂತರು 1422ರಲ್ಲಿ ತೀರಿಕೊಂಡರು. ಇವತ್ತಿಗೂ ಎಲ್ಲ ಧರ್ಮದ ಜನ ಬರುತ್ತಾರೆ, ಹಾಗಾಗಿ ಅದನ್ನು ನೋಡುವ ಜಾಗ ಅಂದುಕೊಳ್ಳದೆ ನಡೆದುಕೊಳ್ಳುವ ಜಾಗ ಅಂದುಕೊಂಡು ಹೋಗಿ. ಅಲ್ಲಿಂದ ಹತ್ತಿರದಲ್ಲೇ ಹಫ್ತ್ ಗುಂಬಜ್, ಬಹಮನಿಗಳ ಏಳು ಗೋರಿಗಳು. ಫಿರೋಜ್ ಶಾನದ್ದು ಎಲ್ಲಕ್ಕಿಂತ ದೊಡ್ಡದು. ಶರಣಬಸವೇಶ್ವರರ ಗುಡಿ, ಅದರ ಮುಂದಿನ ಕೆರೆ ಸಂಜೆಗೆ ಚೆನ್ನ.

*ಬೀದರ್.* ಬಣ್ಣ ಮತ್ತು ಕೈಕೆಲಸ ಇಷ್ಟಪಡುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಬೀದರ್. ಕೆಂಪು ಜಂಬಿಟ್ಟಿಗೆಯ ದಿಬ್ಬದ ಅಂಚಿನಲ್ಲಿ ಕೋಟೆ. ಕಂದಕವನ್ನು ತೋಡಿದ್ದಲ್ಲ, ಬಂಡೆಯನ್ನೇ ಕಡಿದು ಮಾಡಿದ್ದು, ಒಂದು ಕಡೆ ಮೂರು ಸಾಲು. ಒಳಗೆ ಹದಿನಾರು ಕಂಬದ ಮಸೀದಿ, ತಖ್ತ್ ಮಹಲ್, ಮತ್ತು ರಂಗೀನ್ ಮಹಲ್. ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಇದೆ, ಮರದ ಕಂಬಗಳ ಕೆತ್ತನೆ ಇದೆ. ಅದಕ್ಕೆ ಹಲವು ಸಲ ಬೀಗ ಹಾಕಿರುತ್ತಾರೆ. ಕೋಟೆಯೊಳಗಿನ ಮ್ಯೂಸಿಯಂ ಹತ್ತಿರ ಸಿಬ್ಬಂದಿಯನ್ನು ಸಮಾಧಾನವಾಗಿ ಕೇಳಿ. ಬೀಗ ನೋಡಿ ವಾಪಸ್ ಬರಬೇಡಿ.

ಊರೊಳಗೆ ಮಹಮೂದ್ ಗವಾನನ ಮದರಸಾ, 1472ರಲ್ಲಿ ಮುಗಿದ ಮೂರಂತಸ್ತಿನ ವಿದ್ಯಾಲಯ. ಗವಾನ್ ಇರಾನಿನಿಂದ ವ್ಯಾಪಾರಕ್ಕೆ ಬಂದವನು, ಬಹಮನಿ ರಾಜ್ಯದ ಮಂತ್ರಿಯಾದ, 1481ರಲ್ಲಿ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ ಅವನನ್ನೇ ಕೊಲ್ಲಿಸಿದ. ಮದರಸಾದ ಮುಂದಿನ ಎರಡು ಮಿನಾರಿನಲ್ಲಿ ಒಂದು ಉಳಿದಿದೆ. ಅದರ ಮೇಲೆ ನೀಲಿ, ಬಿಳಿ, ಹಳದಿ ಹೆಂಚಿನ ತುಂಡುಗಳು ಇನ್ನೂ ಅಂಟಿಕೊಂಡಿವೆ. ಎಷ್ಟು ಉದುರಿದೆ ಅನ್ನುವುದಕ್ಕಿಂತ ಐದೂವರೆ ಶತಮಾನದ ಮಳೆ ಬಿಸಿಲಿಗೆ ಇಷ್ಟು ಉಳಿದಿದೆಯಲ್ಲ ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಅಲ್ಲೇ ಚೌಬಾರ ಅನ್ನುವ ಹಳೇ ಕಾವಲು ಗೋಪುರದ ಸುತ್ತಮುತ್ತ ಬಿದ್ರಿ ಕೆಲಸದವರ ಅಂಗಡಿಗಳಿವೆ. ಕೊಳ್ಳದಿದ್ದರೂ ಪರವಾಗಿಲ್ಲ, ಒಂದು ಕಡೆ ಕೂತು ಕೊನೆಯ ಹಂತ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿ, ಉಳಿಯಿಂದ ಕೊರೆದ ಬಳ್ಳಿ, ಅದರೊಳಗೆ ಬಡಿದು ಕೂರಿಸಿದ ಬೆಳ್ಳಿ ತಂತಿ. ಆ ಹಂತದಲ್ಲಿ ಎಲ್ಲ ಒಂದೇ ಬೂದು ಬಣ್ಣ, ಬೆಳ್ಳಿ ಯಾವುದು ಸತು ಯಾವುದು ಗೊತ್ತಾಗುವುದಿಲ್ಲ. ಆಮೇಲೆ ಕೋಟೆಯ ಹಳೇ ಜಾಗದಿಂದ ತಂದ ಮಣ್ಣು, ನವಸಾಗರ, ನೀರು ಕಲಸಿ, ಬಿಸಿ ಮಾಡಿದ ಹೂಜಿಗೆ ಬಳಿಯುತ್ತಾರೆ. ನಾನು ಕೈ ಚಾಚಿದೆ. "ಮುಟ್ಟಬ್ಯಾಡ್ರಿ ಅಕ್ಕಾ, ಬಿಸಿ ಅದ" ಅಂದರು ಆ ಕುಶಲಕರ್ಮಿ. ನೀರಲ್ಲಿ ತೊಳೆದು ಎತ್ತಿದಾಗ ಸತು ಕಡುಗಪ್ಪಾಗಿತ್ತು, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ ಎದ್ದು ನಿಂತಿತ್ತು. ಎರಡು ನಿಮಿಷದ ಕೆಲಸ. ಬೇರೆ ಮಣ್ಣಿನಲ್ಲಿ ಈ ಕಪ್ಪು ಬರುವುದಿಲ್ಲ ಅಂತ ಅವರು ಹೇಳುತ್ತಾರೆ. 2006ರಲ್ಲಿ ಬಿದ್ರಿಗೆ ಜಿಐ, ಅಂದರೆ ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿದೆ.

ಇದರ ಮೇಲೆ ಊರ ಹೊರಗೆ ಅಷ್ಟೂರಿನ ಬಹಮನಿ ಗೋರಿಗಳು, ದಾರಿಯಲ್ಲಿ ಚೌಖಂಡಿ ಅನ್ನುವ ಸೂಫಿ ಸಂತರ ಗೋರಿ, ಪಡುವಣಕ್ಕೆ ಬರೀದ್ ಶಾಹಿ ಗೋರಿಗಳು, ನೌಬಾದಿನಲ್ಲಿ ನೆಲದೊಳಗೆ ನೀರು ಹರಿಸಲು ತೋಡಿದ ಹದಿನೈದನೇ ಶತಮಾನದ ಕರೇಜ್ ಸುರಂಗ, ಸಿಖ್ಖರ ಗುರುದ್ವಾರ ಗುರುನಾನಕ್ ಝೀರಾ. ಒಂದೂವರೆ ದಿನ ಬೇಕು ಅಂದದ್ದು ಇದಕ್ಕೇ.

ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ

ಹಿಂದಿನ ಪ್ರವಾಸದಲ್ಲಿ ನಿಮ್ಮ ಕಾಲು ಎಲ್ಲಿ ನಿಂತಿತ್ತು? ದೊಡ್ಡ ಕಟ್ಟಡದ ಮುಂದೆಯೋ, ಒಂದು ಗೋಡೆಯ ಚಿತ್ತಾರದ ಮುಂದೆಯೋ, ಅಥವಾ ಜನ ಬಂದು ಕೈಮುಗಿಯುವ ಜಾಗದಲ್ಲೋ? ಅದರ ಮೇಲೆ ಮೊದಲ ಊರು ಆರಿಸಿ. ಮನೆಯಲ್ಲಿ ಎಲ್ಲರಿಗೂ ಒಂದೇ ಉತ್ತರ ಬರುವುದಿಲ್ಲ. ಮಕ್ಕಳಿದ್ದರೆ ವಿಜಯಪುರ, ಅದರಲ್ಲಿ ಮಾತಿಲ್ಲ, ಸದ್ದು ತಿರುಗಿ ಬರುವ ಗುಮ್ಮಟವೂ ಹತ್ತಿ ನೋಡುವ ಬುರುಜೂ ತೋಪೂ ಒಂದೇ ಊರಲ್ಲಿ ಸಿಗುತ್ತವೆ. ಮಂಡಿ ನೋವಿನ ಹಿರಿಯರು ಜೊತೆಗಿದ್ದರೆ ಗೋಳಗುಮ್ಮಟದ ಮೆಟ್ಟಿಲಿಗೆ ಅವರನ್ನು ಹತ್ತಿಸಬೇಡಿ, ಕೆಳಗಿನ ನಡುಮನೆಯೇ ಅರ್ಧ ಅನುಭವ. ಅವರಿಗೆ ಕಲಬುರಗಿ ಸುಲಭ. ಬೀದರಿನಲ್ಲಿ ಕೋಟೆ ದೊಡ್ಡದು, ಆದರೆ ಬಹುಪಾಲು ಸಮನೆಲ, ನಿಧಾನವಾಗಿ ನಡೆಯಬಹುದು.

ಎಲ್ಲಿಂದ ಒಳಗೆ, ಎಲ್ಲಿಂದ ಹೊರಗೆ

ಎರಡನೇ ಊರನ್ನು ಆರಿಸುವುದು ಇಷ್ಟದಿಂದಲ್ಲ, ರೈಲಿನಿಂದ. ಹೋದ ದಾರಿಯಲ್ಲೇ ವಾಪಸ್ ಬರುವ ಯೋಜನೆ ಹಾಕಿದರೆ ಅರ್ಧ ದಿನ ಹಾಳು. ಒಂದು ಊರಲ್ಲಿ ಇಳಿದು, ಇನ್ನೊಂದು ಊರಲ್ಲಿ ರಾತ್ರಿ ರೈಲು ಹತ್ತುವ ಹಾಗಿರಬೇಕು.

ಕಲಬುರಗಿ ಮತ್ತು ಬೀದರ್ ಜೋಡಿ ಬಹಳ ಸಲೀಸು. ಈ ಎರಡರ ನಡುವಿನ ರೈಲು ಮಾರ್ಗ 2017ರಲ್ಲಿ ಪೂರ್ತಿಯಾಯಿತು, ಬಸ್ಸುಗಳಂತೂ ಬೇಕಾದಷ್ಟು. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದು ಕಲಬುರಗಿಯಲ್ಲಿ ಇಳಿಯಿರಿ, ಮಧ್ಯಾಹ್ನದವರೆಗೆ ಕೋಟೆ, ದರ್ಗಾ, ಹಫ್ತ್ ಗುಂಬಜ್ ನೋಡಿ, ಸಂಜೆ ಬೀದರಿಗೆ ಹೊರಡಿ, ಎರಡು ರಾತ್ರಿ ಅಲ್ಲೇ ಇರಿ. ವಾಪಸ್ ಬರಲು ಬೀದರಿನಿಂದಲೇ ಬೆಂಗಳೂರಿಗೆ ರಾತ್ರಿ ರೈಲಿದೆ. ಹೈದರಾಬಾದ್ ಕಡೆಯಿಂದ ಬರುವವರಿಗೆ ಬೀದರ್ ಮೂರು ಗಂಟೆಯ ದಾರಿ, ಸುಮಾರು 145 ಕಿಲೋಮೀಟರ್. ಅವರು ಇದನ್ನೇ ತಿರುಗಿಸಿ ಮಾಡಬಹುದು.

ಸ್ವಂತ ಗಾಡಿ ಇದ್ದರೆ ಈ ದಾರಿಯಲ್ಲಿ ಹುಮನಾಬಾದ್ ಹತ್ತಿರ ಜಲಸಂಗ್ವಿ ಅನ್ನುವ ಊರಿಗೆ ಹೊರಳಿ. ಅಲ್ಲಿನ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ ಒಬ್ಬ ಹೆಂಗಸು ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಕಲ್ಲಿನಲ್ಲಿ ಬರೆಯುವ ಹೆಣ್ಣು. ಒಂದು ಗಂಟೆ ಜಾಸ್ತಿ ಆದರೂ ಚಿಂತೆಯಿಲ್ಲ, ನೋಡಲೇಬೇಕು ಅಂತ ನಾನು ಹೇಳುವ ಒಂದೇ ಅಡ್ಡದಾರಿ ಇದು. ಬಸವಕಲ್ಯಾಣಕ್ಕೂ ಆಸೆಯಾಗುತ್ತದೆ, ಗೊತ್ತು. ಆದರೆ ಬಸವಣ್ಣನ ಊರಿಗೆ ಬೇರೆ ಒಂದು ದಿನ ಇಟ್ಟುಕೊಂಡೇ ಹೋಗಿ, ಮಧ್ಯೆ ತುರುಕಬೇಡಿ.

ವಿಜಯಪುರ ಮತ್ತು ಕಲಬುರಗಿ ಜೋಡಿ ಮಾಡುವವರು ಒಂದು ವಿಷಯ ತಿಳಿದಿರಲಿ. ಇವೆರಡರ ನಡುವೆ ನೇರ ರೈಲು ಹಳಿ ಇಲ್ಲ, ರೈಲು ಸೊಲ್ಲಾಪುರದ ಕಡೆ ಹೋಗಿ ಸುತ್ತಿಕೊಂಡು ಬರುತ್ತದೆ. ಬಸ್ಸೇ ಒಳ್ಳೆಯದು. ವಿಜಯಪುರ ಮತ್ತು ಬೀದರ್ ಜೋಡಿಯನ್ನು ಮೂರು ದಿನಕ್ಕೆ ನಾನು ಯಾರಿಗೂ ಹೇಳುವುದಿಲ್ಲ, 270 ಕಿಲೋಮೀಟರ್ ಆಗುತ್ತದೆ, ಒಂದು ಹಗಲು ಪೂರ್ತಿ ಸೀಟಿನಲ್ಲೇ ಕಳೆಯುತ್ತದೆ.

ಹುಬ್ಬಳ್ಳಿ, ಗದಗ ಕಡೆಯಿಂದ ಬರುವವರಿಗೆ ಲೆಕ್ಕವೇ ಬೇರೆ. ಗದಗದಿಂದ ಬಾದಾಮಿ, ಬಾಗಲಕೋಟೆ, ವಿಜಯಪುರ ಎಲ್ಲ ಒಂದೇ ಹಳಿಯ ಮೇಲಿವೆ. ಅವರಿಗೆ ವಿಜಯಪುರದ ನೆರೆಯೂರು ಕಲಬುರಗಿಯಲ್ಲ, ಬಾದಾಮಿ. ಒಂದು ದಿನ ಬಾದಾಮಿಯ ನಾಲ್ಕು ಗುಹೆಗಳು, ಅಗಸ್ತ್ಯ ಹೊಂಡ, 22 ಕಿಲೋಮೀಟರ್ ದೂರದ ಪಟ್ಟದಕಲ್ಲು, ಇನ್ನೊಂದು ದಿನ ವಿಜಯಪುರ. ಮೂರನೇ ಗುಹೆಯ ಶಾಸನ 578ರದ್ದು, ಗೋಳಗುಮ್ಮಟ 1656ರದ್ದು, ಸಾವಿರ ವರ್ಷಕ್ಕೂ ಹೆಚ್ಚಿನ ಅಂತರವನ್ನು ನೀವು ಒಂದು ರೈಲಿನಲ್ಲಿ ಮೂರು ಗಂಟೆಯೊಳಗೆ ದಾಟುತ್ತೀರಿ. ಆದರೆ ಇಲ್ಲಿ ಐಹೊಳೆಯನ್ನೂ ಸೇರಿಸಬೇಕಾದರೆ ಬಾದಾಮಿಗೆ ಇನ್ನೊಂದು ಪೂರ್ತಿ ದಿನ ಕೊಡಿ, ಇಲ್ಲದಿದ್ದರೆ ಬೇಡ.

ವಾರ, ತಿಂಗಳು, ಜಾತ್ರೆ

ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಈ ಊರುಗಳ ಕಲ್ಲು ಮಧ್ಯಾಹ್ನ ಕಾದು ರಾತ್ರಿವರೆಗೂ ಬಿಸಿ ಉಗುಳುತ್ತದೆ. ಶಾಲೆಗೆ ರಜೆ ಆಗಲೇ ಸಿಗುವುದು ಅನ್ನುವವರು ಬೆಳಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರ ನಂತರ ಅಂತ ಎರಡು ಪಾಳಿ ಮಾಡಿಕೊಳ್ಳಿ. ಮಳೆಗಾಲದ ಕೊನೆಯಲ್ಲಿ, ಸೆಪ್ಟೆಂಬರ್ ಹೊತ್ತಿಗೆ, ಬೀದರ್ ಹಸಿರಾಗಿ ಬಹಳ ಚೆಂದ ಇರುತ್ತದೆ.

ಶುಕ್ರವಾರ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ರಜೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯ ಮ್ಯೂಸಿಯಂ ನೋಡಬೇಕು ಅನ್ನುವವರು ಆ ದಿನ ತಪ್ಪಿಸಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿನಲ್ಲಿ ಮಸೀದಿಗಳಿಗೆ ನೋಡಲು ಹೋಗುವುದೂ ಬೇಡ. ಇನ್ನು ಜಾತ್ರೆಗಳು. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ, ಹೋಳಿ ಆದ ಮೇಲೆ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು, ಬಂದೇ ನವಾಜ್ ಉರುಸ್ ಪ್ರತಿ ವರ್ಷ ಬೇರೆ ಬೇರೆ ತಿಂಗಳಲ್ಲಿ ಬರುತ್ತದೆ. ಜಾತ್ರೆಯೇ ನೋಡಬೇಕು ಅಂತಿದ್ದರೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ, ರೂಮು ಮಾತ್ರ ತಿಂಗಳ ಮೊದಲೇ ಹಿಡಿಯಿರಿ. ಕಟ್ಟಡ ನೋಡಬೇಕು ಅಂತಿದ್ದರೆ ಆ ವಾರ ಬಿಟ್ಟು ಹೋಗಿ.

ಊರೊಳಗೆ ದಿನ ಹೇಗೆ ಹಾಕಿಕೊಳ್ಳಬೇಕು

ವಿಜಯಪುರದಲ್ಲಿ ಮೂಡಣದಿಂದ ಪಡುವಣಕ್ಕೆ ಹೋಗಿ. ಗೋಳಗುಮ್ಮಟ ರೈಲು ನಿಲ್ದಾಣದ ಹತ್ತಿರವೇ ಪೂರ್ವದ ತುದಿಯಲ್ಲಿದೆ, ಅಲ್ಲಿ ಬೆಳಗ್ಗೆ. ನಡುವೆ ಜಾಮಿಯಾ ಮಸೀದಿ, ಗಗನ್ ಮಹಲ್, ಬಾರಾಕಮಾನ್. ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಊಟ ಮಾಡಿ ಒಂದು ಗಂಟೆ ಮಲಗಿ. ಆಮೇಲೆ ತೋಪು, ಉಪಲಿ ಬುರುಜು, ಕೊನೆಗೆ ಇಬ್ರಾಹಿಂ ರೋಜಾ. ಇಳಿಬಿಸಿಲು ಅದರ ಮೀನಾರುಗಳ ಮೇಲೆ ಬೀಳುವ ಹೊತ್ತಿಗೆ ನೀವು ಅಲ್ಲಿರಬೇಕು. ಟಾಂಗಾ ಇನ್ನೂ ಇವೆ, ಹತ್ತಿರದ ಜಾಗಗಳಿಗೆ ಚೆನ್ನ, ಈ ತುದಿಯಿಂದ ಆ ತುದಿಗೆ ಆಟೊ ಹಿಡಿಯಿರಿ. ಬಾಡಿಗೆಯನ್ನು ಒಂದೊಂದು ಜಾಗಕ್ಕೆ ಕೇಳದೆ ಅರ್ಧ ದಿನಕ್ಕೆ ಇಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ.

ಕಲಬುರಗಿಯಲ್ಲಿ ಕೋಟೆಯ ಮಸೀದಿ ಮೊದಲು, ದರ್ಗಾ ಆಮೇಲೆ. ತಲೆಗೆ ಹಾಕಿಕೊಳ್ಳಲು ಒಂದು ಬಟ್ಟೆ ಚೀಲದಲ್ಲಿರಲಿ.

ಬೀದರಿನಲ್ಲಿ ಬಂದ ದಿನ ಸಂಜೆ ಉಳಿದಿದ್ದರೆ ಬರೀದ್ ಶಾಹಿ ಗೋರಿಗಳ ತೋಟಕ್ಕೆ ಹೋಗಿ. ಅಲಿ ಬರೀದನ ಗೋರಿಗೆ ನಾಲ್ಕೂ ಕಡೆ ಗೋಡೆ ಇಲ್ಲ, ದೊಡ್ಡ ಕಮಾನುಗಳಷ್ಟೇ, ಅದರೊಳಗೆ ಸಂಜೆ ಗಾಳಿ ಆಡುತ್ತಿರುತ್ತದೆ. ಮಾರನೇ ದಿನ ಮೊದಲು ಅಷ್ಟೂರು, ಆಮೇಲೆ ಕೋಟೆ, ಕೋಟೆಯಿಂದ ನಡೆದೇ ಮದರಸಾ, ಅಲ್ಲಿಂದ ಬಿದ್ರಿ ಅಂಗಡಿಗಳು. ಅಷ್ಟೂರನ್ನು ಸಂಜೆಗೆ ಇಡಬೇಡಿ. ಬಹಳ ಬೇಗಲೂ ಬೇಡ, ಬಿಸಿಲು ಚೆನ್ನಾಗಿ ಏರಿರಬೇಕು, ಒಂಬತ್ತು ಒಂಬತ್ತೂವರೆ ಸರಿ. ಸಿಡಿಲು ಬಡಿದು ಅರ್ಧ ಸೀಳಿದ, ಬಹಮನಿ ಸುಲ್ತಾನ ಹುಮಾಯೂನನ ಗೋರಿಯನ್ನು ಹೊರಗಿನಿಂದಲೇ ನೋಡಬಹುದು. ಅಹಮದ್ ಶಾನ ಗೋರಿಗೆ ಮಾತ್ರ ಒಳಗೆ ಹೋಗಲೇಬೇಕು. ಚಪ್ಪಲಿ ಹೊರಗೆ ಬಿಡಿ, ಕ್ಯಾಮೆರಾದ ಫ್ಲ್ಯಾಶ್ ಆರಿಸಿ, ಆ ಬಣ್ಣಗಳಿಗೆ ಅದು ಒಳ್ಳೆಯದಲ್ಲ.

ಎರಡನೇ ಸಲ ನಾನು ಹೋದಾಗ ಅಲ್ಲಿನ ಹಿರಿಯರೊಬ್ಬರು "ತಡೀರಿ" ಅಂತ ಹೇಳಿ ಹೊರಗೆ ಹೋದರು. ಬಾಗಿಲ ಹೊರಗೆ ಬಿಸಿಲಲ್ಲಿ ನಿಂತು ಕೈಯಲ್ಲಿದ್ದ ಕನ್ನಡಿ ತಿರುಗಿಸಿದರು. ಬೆಳಕಿನ ಒಂದು ತುಂಡು ಒಳಗೆ ಬಂದು ಗೋಡೆ ಹತ್ತಿತು, ಮೂಲೆಗೆ ಹೋಯಿತು, ನಿಧಾನಕ್ಕೆ ಗುಮ್ಮಟದ ಒಳಮೈ ಮೇಲೆ ಹರಿದಾಡಿತು. ಅದು ಹೋದ ಕಡೆಯೆಲ್ಲ ಕುಂಕುಮಗೆಂಪು, ನೀಲಿ, ಬಂಗಾರದ ಬರಹ ಹೊತ್ತಿಕೊಂಡು ಹಿಂದೆಯೇ ಆರುತ್ತಿತ್ತು. ನನ್ನ ಕತ್ತು ನೋಯುವವರೆಗೂ ಅವರು ಕನ್ನಡಿ ಇಳಿಸಲಿಲ್ಲ.